ಅಮ್ಮನ ಜೊತೆ ವಾಸವಿದ್ದ ಮಗಳು

ಅಮ್ಮನ ಮನೆ ನನ್ನ ಹೆಸರಿಗೆ ಬರಬೇಕಾದರೆ, ನಾನು ಅಲ್ಲಿ ಅವಳ ಜೊತೆ ವಾಸವಿದ್ದೆ ಎಂದು ಬರೆದು ಸಹಿ ಹಾಕಬೇಕಿತ್ತು. ಒಂದು ವಾಕ್ಯ. ಅದನ್ನು ಬರೆಯಲು ನನಗೆ ಒಂದು ವಾರದ ಗಡುವು ಕೊಟ್ಟಿದ್ದರು.

ಮನೆ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬಾರದು. ರಾಮನಗರದ ಅಂಚಿನಲ್ಲಿ, ಬಂಡೆಗಳು ಶುರುವಾಗುವ ಕಡೆ, ಬಡವರಿಗಾಗಿ ಸರ್ಕಾರದ ಗೃಹ ಮಂಡಳಿ ಕಟ್ಟಿಸಿದ ಮೂರಂತಸ್ತಿನ ಸಾಲು ಮನೆಗಳಿವೆ. ಅವುಗಳಲ್ಲಿ ಮೊದಲ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ, ಎರಡು ಸೀರೆ ಒಣಹಾಕುವಷ್ಟು ಬಾಲ್ಕನಿ. ಅಮ್ಮ ತನ್ನ ಬದುಕಿನ ಹೆಚ್ಚು ಭಾಗವನ್ನು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕಳೆದವಳು. ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಕರಾರು ಪತ್ರದ ಹದಿಮೂರು ಪುಟಗಳ ಕೆಳಗೂ ಅವಳ ಹೆಬ್ಬೆಟ್ಟಿದೆ. ಹದಿಮೂರೂ ಬರಿಯ ನೀಲಿ ಮಚ್ಚೆಗಳು.

ಕರಾರಿನ ಪ್ರಕಾರ ಮನೆ ಮಂಡಳಿಯದು. ಅಮ್ಮ ಹಂಚಿಕೆದಾರಳು, ಅಂದರೆ ಇರುವಷ್ಟು ದಿನ ಇರಬಹುದಾದವಳು. ಅವಳು ಹೋದ ಮೇಲೆ ಏನು ಎಂಬುದು ಹನ್ನೊಂದನೆಯ ಷರತ್ತಿನಲ್ಲಿತ್ತು. ಹಂಚಿಕೆದಾರರ ಜೊತೆ ವಾಸವಿದ್ದ ವಾರಸುದಾರರಿಗೆ ಮನೆ ಮುಂದುವರಿಯುತ್ತದೆ. ಜೊತೆಯಲ್ಲಿ ವಾಸವಿಲ್ಲದ ವಾರಸುದಾರರ ವಿಷಯದಲ್ಲಿ ಮಂಡಳಿಯ ತೀರ್ಮಾನವೇ ಅಂತಿಮ. ಅಮ್ಮನಿಗೆ ನಾನೊಬ್ಬಳೇ ವಾರಸುದಾರಳು. ಆಗ ನನಗೆ ಐವತ್ತಮೂರು. ಕನಕಪುರದ ಕಾಲೇಜೊಂದರಲ್ಲಿ ಬಹಳ ವರ್ಷ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡುತ್ತಿದ್ದೆ. ಪ್ರತಿ ವರ್ಷ ಹೊಸದಾಗಿ ಕರೆಯುತ್ತಿದ್ದರು. ಅಮ್ಮ ತೀರಿಕೊಂಡ ವರ್ಷ ಕರೆಯಲಿಲ್ಲ. ಅವಳು ಹೋದ ಮೇಲೆ ಅಲ್ಲಿನ ಕೋಣೆ ಖಾಲಿ ಮಾಡಿ, ಎರಡು ಟ್ರಂಕು ಪುಸ್ತಕದೊಂದಿಗೆ ಅಮ್ಮನ ಮನೆಗೆ ಬಂದು ಕೂತಿದ್ದೆ. ಮದುವೆಯಾಗಿರಲಿಲ್ಲ. ಹೋಗಲು ಬೇರೆ ಮನೆ ಇರಲಿಲ್ಲ.

ನಾನು ದಿನಚರಿ ಬರೆಯುವವಳು. ಹಾಗೆ ಬರೆಯುವವರಿಗೆ ಎಲ್ಲವೂ ಚೆನ್ನಾಗಿ ನೆನಪಿರುತ್ತದೆ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಹಳೆಯ ನೋಟುಪುಸ್ತಕ ತೆರೆದಾಗಲೆಲ್ಲ ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ಏನನ್ನೋ ತಿದ್ದಿಕೊಂಡಿರುವುದು ಸಿಕ್ಕಿಬೀಳುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನು ಸಾಧ್ಯವಾದಲ್ಲೆಲ್ಲ ಆ ಪುಸ್ತಕಗಳ ಜೊತೆ ಹೋಲಿಸಿ ನೋಡಿದ್ದೇನೆ. ಮಾತುಗಳನ್ನು ಮಾತ್ರ ಕಿವಿಯಲ್ಲಿ ಉಳಿದಂತೆ ಬರೆದಿದ್ದೇನೆ.

ವರ್ಗಾವಣೆಗೆ ಅರ್ಜಿ ಕೊಟ್ಟ ಮೇಲೆ ಮಂಡಳಿಯ ಇನ್ಸ್‌ಪೆಕ್ಟರ್ ಸ್ಥಳ ಮಹಜರಿಗೆ ಬಂದರು. ಮನೆಯ ಮುಂದೆ ನಿಂತು, ಅಕ್ಕಪಕ್ಕದವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಸಹಿ ತೆಗೆದುಕೊಳ್ಳುವುದೇ ಮಹಜರು. ಇನ್ಸ್‌ಪೆಕ್ಟರ್ ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹೆಂಗಸು. ಹೆಲ್ಮೆಟ್ಟನ್ನು ನಮ್ಮ ಕಿಟಕಿಯ ಮೇಲಿಟ್ಟು, ಫೈಲನ್ನು ಬಾಲ್ಕನಿಯ ಕಟ್ಟೆಯ ಮೇಲೆ ಬಿಚ್ಚಿಕೊಂಡರು. ಕೆಳಗಿನ ಮನೆಯಾಕೆ ಕರೆಯುವ ಮೊದಲೇ ಮೆಟ್ಟಿಲು ಹತ್ತಿ ಬಂದಳು. ಅಮ್ಮನ ಪಕ್ಕದ ತೊಟ್ಟಿಯಲ್ಲಿ ಕೂತು ಎಷ್ಟೋ ವರ್ಷ ನೂಲು ಬಿಚ್ಚಿದವಳು. ಈಗಲೂ ಗಂಡ ಮಕ್ಕಳೊಂದಿಗೆ ಮನೆಯ ಹಿಂದೆ ಒಂದು ಸಣ್ಣ ಚರಕ ಇಟ್ಟುಕೊಂಡಿದ್ದಾಳೆ. ದುಪಟ್ಟಾದ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. ಬೆಂದ ಗೂಡಿನ ವಾಸನೆ ಅವಳ ಜೊತೆಯಲ್ಲೇ ಬಂತು.

"ಇವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರಮ್ಮ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಯಾರು, ನಮ್ ಟೀಚರಮ್ಮನಾ? ಮೊದ್ಲಿಂದಾನೂ ಅವ್ರೇ ಮೇಡಂ. ತಾಯಿ, ಮಗಳು. ಇಬ್ರೇ."

"ತಾಯಿನ ಯಾರು ನೋಡ್ಕೊತಿದ್ರು?"

"ಇದೇನ್ ಹಿಂಗ್ ಕೇಳ್ತೀರಾ? ಅಕ್ಕಂಗೆ ಕಾಲು ಬಾತು ಏಳೋಕಾಗ್ದೇ ಇದ್ದಾಗ ಎತ್ತಿ ಕೂರಿಸ್ತಿದ್ದಿದ್ದು ಯಾರು? ಸಾಯಂಕಾಲ ಆದ್ರೆ ಈ ಬಾಲ್ಕನಿನಾಗೆ ಕೂತು ಎಣ್ಣೆ ಹಚ್ಚಿ ತಲೆ ಬಾಚ್ತಿದ್ದಿದ್ದು ಯಾರು? ನೀರ್ ಬರೋ ದಿನ ಈ ಮೆಟ್ಲು ಹತ್ತಿ ಹತ್ತಿ ಕೊಡ ತಂದು ಸುರೀತಿದ್ದಿದ್ದು ಯಾರು? ಮಗಳೇ ಮತ್ತೆ! ಅಲ್ಲಾ ಮೇಲವ್ನೆ, ನಾನ್ ಯಾಕ್ ಸುಳ್ ಹೇಳ್ಲಿ."

ನಾನು ಬಾಗಿಲಿಗೆ ಆತು ನಿಂತಿದ್ದೆ. ಅವಳು ಹೇಳಿದ್ದರಲ್ಲಿ ಒಂದನ್ನೂ ನಾನು ಮಾಡಿದವಳಲ್ಲ. ನನಗೆ ಬೇಕಾದವರು ನನ್ನ ಪರವಾಗಿ ಒಂದು ಸುಳ್ಳು ಹೇಳುತ್ತಾರೆಂದು ನಿರೀಕ್ಷಿಸಿದ್ದೆ, ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡೂ ಇದ್ದೆ. ಆದರೆ ಅವಳ ಮಾತಿನಲ್ಲಿ ಕಟ್ಟಿ ಹೇಳಿದ ಧಾಟಿಯೇ ಇರಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುವವರ ಅವಸರ ಇತ್ತು.

ಇನ್ಸ್‌ಪೆಕ್ಟರ್ ಫೈಲಿನ ಹಳೆಯ ಹಾಳೆಗಳನ್ನು ಮಗುಚಿದರು. "ಹಿಂದಿನ ತಪಾಸಣೆಗಳಲ್ಲೂ ಹಾಗೇ ಇದೆ. ಎರಡು ಸಲ ಬಂದಿದ್ದಾರೆ ನಮ್ಮವರು." ಬೆರಳಿಟ್ಟು ತೋರಿಸಿದರು. 'ಹಂಚಿಕೆದಾರರು ಹಾಗೂ ಅವರ ಮಗಳು ಖುದ್ದು ವಾಸವಿರುತ್ತಾರೆ.' ಅದರ ಕೆಳಗೆ ಅಮ್ಮನ ನೀಲಿ ಮಚ್ಚೆ. ಅದರ ಪಕ್ಕದಲ್ಲಿ ನನ್ನ ಹೆಸರು, ನಾನು ಬರೆಯದ ಅಕ್ಷರದಲ್ಲಿ. ದುಂಡಗೆ, ಒಂದೊಂದನ್ನೂ ಬಿಡಿಸಿ, ಶಾಲೆಯ ಕಾಪಿ ಪುಸ್ತಕದಲ್ಲಿ ಬರೆದ ಹಾಗೆ.

"ನಿಮ್ಮ ಸಹಿನೇ ಅಲ್ವಾ ಮೇಡಂ?"

"ನನ್ನ ಹೆಸರೇ" ಎಂದೆ.

ಅಷ್ಟು ಸಾಕಾಯಿತು ಅವರಿಗೆ. ಒಂದು ಮುದ್ರಿತ ನಮೂನೆ ಕೊಟ್ಟು, ಇದರಲ್ಲಿರುವಂತೆ ಅಫಿಡವಿಟ್ ಮಾಡಿಸಿ ಒಂದು ವಾರದೊಳಗೆ ತಂದುಕೊಡಿ, ವಾಸದ ದಾಖಲೆ ಗಟ್ಟಿಯಿದೆ, ತೊಂದರೆಯಾಗುವುದಿಲ್ಲ ಎಂದು ಹೇಳಿ ಹೋದರು. ನಮೂನೆಯ ಮೂರನೆಯ ಸಾಲು ಹೀಗಿತ್ತು: 'ನಾನು ಹಂಚಿಕೆಯ ದಿನಾಂಕದಿಂದ ಹಂಚಿಕೆದಾರರೊಂದಿಗೆ ನಿರಂತರವಾಗಿ ವಾಸವಿದ್ದೆನೆಂದು ಪ್ರಮಾಣೀಕರಿಸುತ್ತೇನೆ.'

ಸ್ಕೂಟರಿನ ಸದ್ದು ದೂರವಾದ ಮೇಲೆ ಕೆಳಗಿನ ಮನೆಯಾಕೆ ನನ್ನ ಕಡೆ ತಿರುಗಿದಳು. "ಏನ್ ಟೀಚರಮ್ಮ, ಬಾಯಲ್ಲಿ ಕಡುಬು ಇಟ್ಕೊಂಡೋರಂಗೆ ನಿಂತ್ಬುಟ್ರಿ? ಕಾಲೇಜ್‌ನಾಗೆ ಗಂಟೆಗಟ್ಲೆ ಮಾತಾಡ್ತೀರಂತೆ!"

"ಆ ಸಹಿ ಯಾರದು?"

ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು. "ನಿಮ್ಗೆ ನಿಜವಾಗ್ಲೂ ಗೊತ್ತಿಲ್ವಾ? ನಾನು, ನೀವು ಗೊತ್ತಿದ್ದೂ ಗೊತ್ತಿಲ್ದಂಗೆ ಇರ್ತೀರಾ ಅಂದ್ಕೊಂಡಿದ್ದೆ."

ಆಮೇಲೆ ಅವಳು ಹೇಳಿದ್ದು ಇಷ್ಟು. ಅಮ್ಮನ ಘಟಕಕ್ಕೆ ಕುದೂರು ಕಡೆಯ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದ್ದಳು. ಗಂಡ ಬಿಟ್ಟವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಘಟಕದ ಗೋದಾಮಿನಲ್ಲೇ ಮಲಗುತ್ತಿದ್ದಳು. ಒಂದು ಸಂಜೆ ಅಮ್ಮ ಅವಳನ್ನು ಮನೆಗೆ ಕರೆದುಕೊಂಡು ಬಂದಳು. ಬಾಡಿಗೆ ಗೀಡಿಗೆ ಏನೂ ಇಲ್ಲ. ಬಂದವಳು ಏಳು ವರ್ಷ, ಅಮ್ಮ ತೀರಿಕೊಂಡು ತಾನು ಊರಿಗೆ ಮರಳುವವರೆಗೆ, ಉಳಿದಳು. ಮೊದಲ ಸಲ ಮಂಡಳಿಯವರು ತಪಾಸಣೆಗೆ ಬಂದಾಗ ಇವಳು ಯಾರು ಎಂದು ಕೇಳಿದರು. ಅಮ್ಮ, ನನ್ನ ಮಗಳು ಎಂದಳು. ಹೆಸರು ಕೇಳಿದರು. ನನ್ನ ಹೆಸರು ಹೇಳಿದಳು. ಅಂದಿನಿಂದ ಆ ಸಾಲಿನ ಹನ್ನೆರಡು ಮನೆಯವರೂ ಅವಳನ್ನು ನನ್ನ ಹೆಸರಿನಿಂದಲೇ ಕರೆದರು, ತಪಾಸಣೆಯವರು ಯಾವಾಗ ಬಂದರೂ ಯಾರ ಬಾಯೂ ತಪ್ಪಬಾರದೆಂದು.

"ಭಾನುವಾರ ನೀವ್ ಬತ್ತೀರಾ ಅಂದ್ರೆ ನಮ್ಮನೆಗ್ ಬಂದು ಕೂರೋಳು. ಕಾಳು ಬಿಡಿಸ್ಕೊಂಡು. ನೀವು ಬಸ್ಸಿಗ್ ಹೋದ್ರಿ ಅಂದ್ಮೇಲೆ ಮೇಲಕ್ ಹೋಗೋಳು. ನಾನೇ ರೇಗಿಸ್ತಿದ್ದೆ, ಒರಿಜಿನಲ್ ಬಂದವ್ರೆ, ಜೆರಾಕ್ಸ್ ಕೆಳಕ್ಕಿಳೀಬೇಕು ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಅಕ್ಕಂಗೆ ಭಯ. ನೀವೇ ಅಂದಿದ್ರಂತಲ್ಲ, ಹೊರಗಿನೋರು ಬಂದು ಒಂದಿನ ಉಳಿದ್ರೂ ಮನೆ ಕಿತ್ಕೊತಾರೆ, ಅಗ್ರಿಮೆಂಟ್‌ನಾಗೆ ಐತೆ ಅಂತ. ಓದಿದ್ ಮಗಳು ಓದಿ ಹೇಳವ್ಳೆ ಅನ್ನೋರು."

ಅದು ನನಗೆ ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಮನೆ ಹಂಚಿಕೆಯಾದ ಹೊಸತರಲ್ಲಿ ಒಂದು ಭಾನುವಾರ ಅಮ್ಮ ಕರಾರು ಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ನನ್ನ ಮುಂದಿಟ್ಟಳು. ಇಬ್ಬರೂ ಚಾಪೆಯ ಮೇಲೆ ಕೂತೆವು. ಹದಿಮೂರು ಪುಟಗಳನ್ನೂ ನಾನು ಓದಿದೆ. ಒಂದೊಂದು ಷರತ್ತನ್ನೂ ಬಿಡಿಸಿ ಹೇಳಿದೆ. ಅಮ್ಮ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಹೊತ್ತು ಮುಳುಗುವವರೆಗೆ ಓದಿದೆ ಎಂದೇ ನನ್ನ ನೆನಪು ಹೇಳುತ್ತದೆ. ಅಮ್ಮನಿಗಾಗಿ ನಾನು ಮಾಡಿದ್ದು ಏನು ಎಂದು ಯಾರಾದರೂ ಕೇಳಿದ್ದರೆ ಆ ಮಧ್ಯಾಹ್ನವನ್ನು ಮೊದಲು ಹೇಳುತ್ತಿದ್ದೆ.

ಆ ವರ್ಷದ ನೋಟುಪುಸ್ತಕ ಎರಡನೆಯ ಟ್ರಂಕಿನಲ್ಲಿತ್ತು. ಆ ಭಾನುವಾರದ ಕೆಳಗೆ ಹೀಗಿದೆ: 'ಅಮ್ಮನಿಗೆ ಕರಾರು ಪತ್ರ ಓದಿ ಹೇಳಿದೆ. ಹೊರಗಿನವರು ಇರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗಿಲ್ಲ. ಸೊಪ್ಪಿನ ಸಾರು. ಎರಡು ಗಂಟೆಯ ಬಸ್ಸು.'

ಎರಡು ಗಂಟೆಯ ಬಸ್ಸು. ಹೊತ್ತು ಮುಳುಗುವ ಮಾತೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು, ಉಂಡು, ಎರಡಕ್ಕೆ ಹೊರಟವಳು ಹದಿಮೂರು ಪುಟಗಳನ್ನು ಯಾವಾಗ ಬಿಡಿಸಿ ಹೇಳಿದೆ?

ಕರಾರು ಪತ್ರವನ್ನು ತೆಗೆದು ಮತ್ತೆ ಓದಿದೆ. ಏಳನೆಯ ಷರತ್ತು ಐದನೆಯ ಪುಟದ ಕೊನೆಯಲ್ಲಿದೆ. 'ಹಂಚಿಕೆದಾರರು ಸದರಿ ಮನೆಯಲ್ಲಿ ತಮ್ಮ ಕುಟುಂಬದ ಸದಸ್ಯರನ್ನು ಹೊರತುಪಡಿಸಿ ಅನ್ಯರನ್ನು ವಾಸವಿರಿಸತಕ್ಕದ್ದಲ್ಲ. ತಪ್ಪಿದಲ್ಲಿ ಹಂಚಿಕೆಯನ್ನು ರದ್ದುಪಡಿಸಲಾಗುವುದು.' ಅಲ್ಲಿಗೆ ಪುಟ ಮುಗಿಯುತ್ತದೆ. ಆರನೆಯ ಪುಟದ ತಲೆಯಲ್ಲಿ ಅದೇ ಷರತ್ತು ಮುಂದುವರಿಯುತ್ತದೆ. 'ಆದರೆ ವೃದ್ಧಾಪ್ಯ ಅಥವಾ ಅನಾರೋಗ್ಯದ ಕಾರಣ ಆರೈಕೆ ಅಗತ್ಯವಿರುವಲ್ಲಿ, ಹಂಚಿಕೆದಾರರು ಮಂಡಳಿಗೆ ಲಿಖಿತವಾಗಿ ತಿಳಿಸಿ ಒಬ್ಬ ವ್ಯಕ್ತಿಯನ್ನು ತಮ್ಮೊಂದಿಗೆ ಇರಿಸಿಕೊಳ್ಳಬಹುದು.'

ಆ ಮಧ್ಯಾಹ್ನ ನಾನು ಹಾಳೆ ಮಗುಚಿರಲಿಲ್ಲ. ಅಥವಾ ಮಗುಚಿ, ಕಣ್ಣಾಡಿಸಿ, ಇದು ನಮಗೆ ಬೇಕಿಲ್ಲ ಎಂದುಕೊಂಡಿದ್ದೆನೋ. ಗೊತ್ತಿಲ್ಲ. ಎರಡನೆಯದು ನಿಜವಾಗಿರಲಿ ಎಂದು ಆಸೆಪಡುವುದರಲ್ಲಿ ಏನು ಅರ್ಥವಿದೆ ಎಂದೂ ಗೊತ್ತಿಲ್ಲ.

ಆ ವಾರ ಉಳಿದ ನೋಟುಪುಸ್ತಕಗಳನ್ನೂ ಓದಿದೆ. ಪ್ರತಿ ಭಾನುವಾರ ಅಮ್ಮನನ್ನು ನೋಡಲು ಬರುತ್ತಿದ್ದೆ ಎಂದು ನಾನು ನಂಬಿದ್ದೆ. ಪುಸ್ತಕದಲ್ಲಿ ತಿಂಗಳಿಗೊಂದು ಭಾನುವಾರ ಸಿಕ್ಕಿತು. ಕೆಲವು ತಿಂಗಳು ಅದೂ ಇಲ್ಲ. ಪರೀಕ್ಷೆ, ಮೌಲ್ಯಮಾಪನ, ಜ್ವರ, ಮಳೆ. ಬಂದ ದಿನವೆಲ್ಲ ಬರೆದಿರಬೇಕಾಗಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಹೋಟೆಲಿನ ದೋಸೆ ಚೆನ್ನಾಗಿರಲಿಲ್ಲ ಎಂದು ಬರೆದಿಟ್ಟವಳು ತಾಯಿಯನ್ನು ನೋಡಿ ಬಂದದ್ದನ್ನು ಬರೆಯದೆ ಬಿಟ್ಟಾಳೆ? ನಡುವೆ ಅಲ್ಲಲ್ಲಿ ಆ ಇನ್ನೊಬ್ಬಳೂ ಇದ್ದಳು, ನನಗೆ ತಿಳಿಯದೆ ನಾನೇ ಬರೆದಿಟ್ಟವಳು. 'ಮೆಟ್ಟಿಲ ಮೇಲೆ ಯಾರೋ ಎದುರಾದಳು, ಗೋಡೆಗೆ ಸರಿದು ದಾರಿ ಬಿಟ್ಟಳು.' 'ಅಮ್ಮನ ತಲೆಗೂದಲು ಈ ಸಲ ನುಣ್ಣಗೆ ಬಾಚಿದೆ.' 'ಬಚ್ಚಲಲ್ಲಿ ಎರಡು ಬ್ರಷ್ಷು. ಕೇಳಿದರೆ ಒಂದು ಹಳೆಯದು ಎಂದಳು.' ಪಾಠ ಮಾಡುವಾಗ ಹುಡುಗಿಯರಿಗೆ ಹೇಳುತ್ತಿದ್ದೆ, ದಾಖಲೆಯಲ್ಲಿ ಇರುವುದನ್ನಷ್ಟೇ ಅಲ್ಲ, ಅದರ ಅಂಚಿನಲ್ಲಿ ನಿಂತವರನ್ನೂ ನೋಡಬೇಕು ಎಂದು.

ಅಮ್ಮ ಹೋದ ದಿನವನ್ನೂ ತೆರೆದು ನೋಡಿದೆ. ನಾನು ಕನಕಪುರದಿಂದ ಬರುವಷ್ಟರಲ್ಲಿ ಅವಳನ್ನು ಮೀಯಿಸಿ, ಸೀರೆ ಉಡಿಸಿ, ತಲೆ ಬಾಚಿ ಮಲಗಿಸಿದ್ದರು. ಯಾರು ಎಂದು ಬರೆದಿಲ್ಲ. ಕೇಳಿರಲಿಲ್ಲವೆಂದು ಕಾಣುತ್ತದೆ.

ಕೆಳಗಿನ ಮನೆಯಾಕೆಯ ಹತ್ತಿರ ಕುದೂರಿನವಳ ಫೋನ್ ನಂಬರ್ ಇತ್ತು. ಕರೆ ಮಾಡಿ ನಾನು ಯಾರೆಂದು ಹೇಳಿದೆ. "ಬನ್ನಿ ಅಕ್ಕ, ಊಟದ ಹೊತ್ಗೆ ಬನ್ನಿ" ಎಂದಳು.

ಮಾಗಡಿಗೆ ಹೋಗಿ ಅಲ್ಲಿಂದ ಕುದೂರಿನ ಬಸ್ಸು ಹಿಡಿದೆ. ಮೊದಲ ಬಸ್ಸಿನಲ್ಲಿ, ಮಾಗಡಿ ತಲುಪುವ ಮೊದಲು, ಒಮ್ಮೆ ಸಾವನದುರ್ಗ ಕಾಣಿಸಿತು. ಬೆಟ್ಟ ಹತ್ತಲು ಬಂದಿದ್ದ ಕಾಲೇಜು ಹುಡುಗರ ಗುಂಪೊಂದು ಇಳಿಯಿತು, ಸೀಟುಗಳು ಖಾಲಿಯಾದವು. ಅಲ್ಲಿಂದ ಮುಂದೆ ಬಹಳ ದೂರ ನನ್ನ ಪಕ್ಕ ಯಾರೂ ಕೂರಲಿಲ್ಲ. ಅವಳಿಗೆ ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿದ್ದೆ. ಕ್ಷಮೆ ಕೇಳಬೇಕು ಎನ್ನುವುದು ಒಂದು. ಅನುಮತಿ ಕೇಳಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಿದರೆ ಮೊದಲನೆಯದು ಎರಡನೆಯದಕ್ಕೆ ಪೀಠಿಕೆಯಾಗಿಬಿಡುತ್ತದೆ ಎಂದು ಬಸ್ಸಿನಲ್ಲಿ ಹೊಳೆದಿತ್ತು. ಆದರೂ ಬೇರೆ ದಾರಿ ತೋಚಲಿಲ್ಲ.

ಅವಳು ಊರ ಹೊರಗಿನ ಅಣ್ಣನ ತೋಟದಲ್ಲಿ, ರೇಷ್ಮೆಹುಳು ಸಾಕುವ ಶೆಡ್ಡಿಗೆ ಅಂಟಿದ ಕೋಣೆಯಲ್ಲಿದ್ದಳು. ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮುಂದೆ ಕೂತು ಕತ್ತರಿಸುತ್ತಿದ್ದವಳು ಎದ್ದು ನಿಂತಳು. ನನ್ನ ಎತ್ತರವೂ ಅಲ್ಲ, ಬಣ್ಣವೂ ಅಲ್ಲ. ಯಾವ ಕೋನದಿಂದಲೂ ನಾನಲ್ಲ. ಇಷ್ಟು ವರ್ಷ ಯಾವ ಅಧಿಕಾರಿಗೂ ಅನುಮಾನ ಬರದೇ ಇದ್ದದ್ದು ಸಹಜ, ಅವರು ನನ್ನನ್ನು ನೋಡಿದವರಲ್ಲವಲ್ಲ.

"ಕೂತ್ಕೊಳಿ ಅಕ್ಕ. ಹುಳ ನಾಕ್ನೇ ಜ್ವರ ಎದ್ದವೆ, ಬಾಯ್ ಬುಡಂಗಿಲ್ಲ. ಒಸಿ ಸೊಪ್ಪು ಕೊಟ್ಬುಟ್ಟು ಬತ್ತೀನಿ."

ನಾಲ್ಕನೆಯ ಸಲ ಪೊರೆ ಬಿಟ್ಟು ಹಸಿದೆದ್ದ ಹುಳುಗಳಿಗೆ ಸೊಪ್ಪು ಹಾಕಿ ಬಂದು, ಮುದ್ದೆ ಮತ್ತು ಅವರೆಕಾಳಿನ ಸಾರು ಬಡಿಸಿದಳು. ಉಣ್ಣುವವರೆಗೆ ಬೇರೆ ಮಾತು ಬೇಡವೆನ್ನುವಂತೆ ಇದ್ದಳು. ತಟ್ಟೆ ತೊಳೆದಿಟ್ಟು ಬಂದ ಮೇಲೆ ತಾನೇ ಶುರುಮಾಡಿದಳು.

"ನಿಮ್ ಹೆಸ್ರು ಹಿಡ್ದು ಕೂಗಿದ್ರೆ ಮೊದ್ಮೊದ್ಲು ತಿರುಗ್ತಿರಲಿಲ್ಲ ನಾನು. ಕೆಳಗಿನ್ ಮನೆ ಅಕ್ಕ ಬೈಯೋಳು, ಕಿವಿ ಕೇಳಲ್ವೇನೇ ಲೆಕ್ಚರರ್ರೇ ಅಂತ. ಆಮೇಲೆ ಅಭ್ಯಾಸ ಆಗ್ಬುಡ್ತು. ಇಲ್ಲಿಗ್ ಬಂದ್ಮೇಲೆ ನನ್ ಹೆಸ್ರು ಕೂಗಿದ್ರೆ ತಿರುಗ್ತಿರಲಿಲ್ಲ." ನಕ್ಕಳು. ನಗುವಾಗ ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳುವುದು ಅಮ್ಮನ ಅಭ್ಯಾಸವಾಗಿತ್ತು. ಹಾಗೆ ಈಗ ಅನ್ನಿಸುತ್ತದೆ. ಅಲ್ಲಿ ಕೂತಾಗ ಅನ್ನಿಸಿತ್ತೋ, ಬಸ್ಸಿನಲ್ಲಿ ವಾಪಸು ಬರುವಾಗ ಸೇರಿಸಿಕೊಂಡೆನೋ, ಖಚಿತವಿಲ್ಲ.

ಅಫಿಡವಿಟ್ಟಿನ ವಿಷಯ ಹೇಳಿದೆ. ಆರನೆಯ ಪುಟದ ವಿಷಯವನ್ನೂ ಹೇಳಿದೆ. ಅದನ್ನು ಹೇಳದೆ ಬರುವುದು ಸುಲಭವಿತ್ತು.

"ಅಂಗಾರೆ ಒಂದ್ ಅರ್ಜಿ ಬರ್ದು ಕೊಟ್ಟಿದ್ರೆ ಸಾಕಿತ್ತಾ?"

"ಸಾಕಿತ್ತು."

"ನಾನು ಏಳ್ನೇ ಕ್ಲಾಸ್‌ಗಂಟ ಓದಿವ್ನಿ ಅಕ್ಕ. ಒಂದಿನ ಆ ಪೇಪರ್ ತೆಗ್ದು ನೋಡಾನ ಅಂದೆ. ಅಮ್ಮ ಬುಡ್ಲಿಲ್ಲ. ನನ್ ಮಗಳು ಎಂಎ ಮಾಡವ್ಳೆ, ಅವ್ಳೇ ಓದವ್ಳೆ, ನೀನೇನೇ ನೋಡೋದು ಅಂದ್ರು." ಸೊಪ್ಪಿನ ರಾಶಿಯಿಂದ ಒಂದು ಕಡ್ಡಿ ಎಳೆದು ಸುಮ್ಮನೆ ಎಲೆಗಳನ್ನು ಬಿಡಿಸತೊಡಗಿದಳು. "ಏಳ್ ವರ್ಷ. ನನ್ ರೇಷನ್ ಕಾರ್ಡ್ ಇಲ್ಲೈತೆ, ಓಟು ಇಲ್ಲೈತೆ. ನಾನು ಅಲ್ಲಿದ್ದೆ ಅನ್ನೋಕೆ ಒಂದ್ ಚೀಟಿ ಇಲ್ಲ. ನಮ್ಮತ್ತಿಗೆ ಕೇಳ್ತಾಳೆ, ಅಷ್ಟ್ ವರ್ಷ ಎಲ್ ಬಿದ್ದಿದ್ದೆ, ಯಾರ್ ಮನೇಲಿದ್ದೆ ಅಂತ. ಅಮ್ಮನ್ ಜೊತೆ ಇದ್ದೆ ಅಂತೀನಿ. ನಿಮ್ಮಮ್ಮ ಸತ್ತು ಯಾವ್ ಕಾಲ ಆಯ್ತು, ಅದ್ಯಾವಳೇ ಅಮ್ಮ ಅಂತಾಳೆ. ಬೀದಿಲೆಲ್ಲ ಏನೇನೋ ಹೇಳ್ಕಂಡು ಬರ್ತಾಳೆ." ಕಡ್ಡಿಯನ್ನು ಕೆಳಗಿಟ್ಟಳು. "ಅಲ್ಲಿದ್ದೋಳು ನಾನೇ ಅಂತ ನೀವ್ ಬರ್ಕೊಟ್ರೆ, ನಾನೆಲ್ಲಿದ್ದೆ ಅಕ್ಕ?"

ಅವಳೇ ಗಾಬರಿಯಾದಳು. "ಬುಡಿ, ಬಾಯಿಗ್ ಬಂದಿದ್ ಅಂದ್ಬುಟ್ಟೆ. ಬರ್ಕೊಳಿ ನೀವು. ಮನೆ ಹೋಗ್ಬುಟ್ರೆ ನೀವಾದ್ರೂ ಎಲ್ಲಿಗೋಗ್ತೀರಾ ಈ ವಯಸ್ನಾಗೆ."

ಅಮ್ಮ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದಳೇ ಎಂದು ಕೇಳಬೇಕೆಂದಿದ್ದೆ. ಏಳು ವರ್ಷದ ಸಂಜೆಗಳಿದ್ದವು ಅವಳ ಹತ್ತಿರ. ಕೇಳಲಿಲ್ಲ. ಅವಳು ಬಸ್ಸಿನವರೆಗೂ ಬಂದು, ಒಂದು ಚೀಲ ಅವರೆಕಾಯಿ ಕೊಟ್ಟು, ಬಸ್ಸು ಹೊರಡುವವರೆಗೆ ನಿಂತಿದ್ದಳು. ಕೈ ಬೀಸುವುದೋ ಬೇಡವೋ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಗಡುವಿನ ಹಿಂದಿನ ದಿನ ನಾನು ಅಫಿಡವಿಟ್ ಬರೆದೆ. ನಮೂನೆಯಲ್ಲಿ ಇದ್ದಂತಲ್ಲ. ಹಂಚಿಕೆದಾರರ ಜೊತೆ ನಾನು ವಾಸವಿರಲಿಲ್ಲ. ಹಿಂದಿನ ತಪಾಸಣಾ ವರದಿಗಳಲ್ಲಿ ಮಗಳು ಎಂದು ನಮೂದಾಗಿರುವವರು ಇಂತಹ ಊರಿನ ಇಂತಹವರು, ಏಳು ವರ್ಷ ನನ್ನ ತಾಯಿಯ ಆರೈಕೆ ಮಾಡಿದವರು, ಅವರಿಂದ ಬಾಡಿಗೆ ಪಡೆದಿರುವುದಿಲ್ಲ. ಏಳನೆಯ ಷರತ್ತನ್ನು ನನ್ನ ತಾಯಿಗೆ ಅಪೂರ್ಣವಾಗಿ ಓದಿ ಹೇಳಿದವಳು ನಾನು. ವಾಸವಿಲ್ಲದ ವಾರಸುದಾರಳೆಂದು ನನ್ನ ಅರ್ಜಿಯನ್ನು ಪರಿಗಣಿಸಬೇಕು. ಸಾಕ್ಷಿ ಹೇಳಿದ ನೆರೆಯವರ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಕುದೂರಿನವಳ ಹೆಸರನ್ನು ಆಧಾರ್ ಕಾರ್ಡಿನಲ್ಲಿರುವಂತೆಯೇ ಬರೆಯಬೇಕಿತ್ತು. ಕರೆ ಮಾಡಿ ಕೇಳಿದೆ. "ನಿಜವಾಗ್ಲೂ ಬರೀತಿದ್ದೀರಾ?" ಎಂದಳು. ಕಾರ್ಡಿನ ಫೋಟೋ ಕಳಿಸಿದಳು.

ಇದು ಪ್ರಾಮಾಣಿಕತೆಯೇ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಅವಳು 'ನಾನೆಲ್ಲಿದ್ದೆ' ಎಂದು ಕೇಳದೇ ಇದ್ದಿದ್ದರೆ ನಮೂನೆಯಲ್ಲಿದ್ದಂತೆ ಬರೆಯುತ್ತಿದ್ದೆ ಎಂದೇ ಅನ್ನಿಸುತ್ತದೆ. ಅಮ್ಮನ ಮಗಳಾಗಿ ನಾನು ಮಾಡದ ಕೆಲಸಗಳನ್ನೆಲ್ಲ ಸ್ಟಾಂಪ್ ಪೇಪರಿನ ಮೇಲೆ ನನ್ನದಾಗಿಸಿಕೊಂಡು ಆ ಬಾಲ್ಕನಿಯಲ್ಲಿ ಕೂರಲು ನನಗೆ ಧೈರ್ಯವಿರಲಿಲ್ಲ, ಅಷ್ಟೇ ಇರಬಹುದು.

ಆಫೀಸಿಗೆ ಹೋಗುವ ಮೊದಲು ಕೆಳಗಿನ ಮನೆಯಾಕೆಗೆ ಹೇಳಿದೆ. ಅವಳು ಚರಕದ ಮುಂದಿನಿಂದ ಏಳಲಿಲ್ಲ.

"ಅಂದ್ರೆ ನಾನು ಸುಳ್ಳಿ."

"ನಿಮ್ಮ ಹೆಸರು ಬರೆದಿಲ್ಲ."

"ಹೆಸ್ರು ಯಾಕ್ ಬರೀಬೇಕು, ಸಹಿ ಹಾಕಿರೋಳು ನಾನಲ್ವಾ? ನಿಮ್ಗೋಸ್ಕರ ಹಾಕಿದ್ನಾ ಟೀಚರಮ್ಮ? ಅಕ್ಕಂಗೋಸ್ಕರ ಹಾಕಿದ್ದು. ಅಕ್ಕ ಇದ್ದಿದ್ರೆ ಬರೀದಂಗೆ ನಿಮ್ ಕೈ ಹಿಡ್ಕೊಳ್ಳೋಳು." ಎಳೆ ತುಂಡಾಯಿತು. ಅದನ್ನು ಹುಡುಕಿ ಸೇರಿಸಿ ಮತ್ತೆ ಚರಕ ತಿರುಗಿಸಿದಳು. "ಇಷ್ಟ್ ಓದಿ ಏನ್ ಬಂತು ನಿಮ್ಗೆ."

ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಸಾಲಿನ ಉಳಿದವರೂ ಕಡಿಮೆ ಮಾಡಿದರು. ಅವರಿಗೆ ಅದರಿಂದ ಯಾವ ತೊಂದರೆಯೂ ಬರಲಿಲ್ಲ, ಆದರೆ ಬರಬಹುದಿತ್ತು. ನೀರು ಬರುವ ದಿನ ಕೊಳಾಯಿಯ ಹತ್ತಿರ ನಾನು ಹೋದರೆ ಜಾಗ ಬಿಟ್ಟುಕೊಡುತ್ತಿದ್ದರು, ಅಷ್ಟು ಮರ್ಯಾದೆ ಇತ್ತು. ಹರಟೆ ಮಾತ್ರ ನಿಂತುಹೋಗುತ್ತಿತ್ತು. ನಾನು ತುಂಬಿದ ಕೊಡ ಎತ್ತಿಕೊಂಡು ಮೂರನೆಯ ಮೆಟ್ಟಿಲು ಹತ್ತುವಾಗ ಹಿಂದೆ ಮತ್ತೆ ಶುರುವಾಗುತ್ತಿತ್ತು.

ಇನ್ಸ್‌ಪೆಕ್ಟರ್ ಅಫಿಡವಿಟ್ ಓದಿ, ಎರಡನೆಯ ಸಲ ಓದಿ, ನನ್ನ ಕಡೆಗೆ ಸರಿಸಿದರು. "ಮೇಡಂ, ಇದನ್ನ ತಗೊಂಡು ಹೋಗಿ. ನಮೂನೆಯಲ್ಲಿರೋ ಹಾಗೆ ಬರ್ಕೊಂಡು ಬನ್ನಿ. ನಾನು ಇದನ್ನ ನೋಡಿಲ್ಲ."

"ಇದೇ ಇರಲಿ."

"ಇದು ಕೊಟ್ರೆ ಫೈಲ್ ಮೇಲಕ್ಕೆ ಹೋಗುತ್ತೆ. ಅಲ್ಲಿ ಏನಾಗುತ್ತೋ ನನ್ ಕೈಲಿಲ್ಲ." ದನಿ ತಗ್ಗಿಸಿ ಕೇಳಿದರು. "ಯಾರದಾದ್ರೂ ಒತ್ತಡ ಇದ್ಯಾ?"

ಇಲ್ಲ ಎಂದೆ. ಅವರು ಸ್ವೀಕೃತಿ ಬರೆದುಕೊಟ್ಟರು. ಆ ದಿನ ನನ್ನ ಜೊತೆ ಅಷ್ಟು ಮೃದುವಾಗಿ ಮಾತಾಡಿದವರು ಅವರೊಬ್ಬರೇ ಎಂದು ನೋಟುಪುಸ್ತಕದಲ್ಲಿದೆ.

ಆದೇಶ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ನಾನು ಆ ಮನೆಯಲ್ಲಿ ನಿಜಕ್ಕೂ ನಿರಂತರವಾಗಿ ವಾಸವಿದ್ದೆ. ಬೆಳಿಗ್ಗೆ ಬಂಡೆಯ ಮೇಲಿನ ಬಿಸಿಲು ಕೋಣೆಗೆ ಎಷ್ಟು ಹೊತ್ತಿಗೆ ಬರುತ್ತದೆ, ಅಡುಗೆಮನೆಯ ಕಿಟಕಿ ಯಾಕೆ ಪೂರ್ತಿ ಮುಚ್ಚುವುದಿಲ್ಲ, ಯಾವ ಮನೆಯ ಕುಕ್ಕರ್ ಮೊದಲು ಕೂಗುತ್ತದೆ ಎಂದೆಲ್ಲ ಆಗ ತಿಳಿಯಿತು. ಅಮ್ಮನಿಗೆ ಇವೆಲ್ಲ ಗೊತ್ತಿದ್ದಿರಬೇಕು. ಕುದೂರಿನವಳಿಗೂ. ಕೇಳಿ ಸರಿನೋಡಲು ಯಾರೂ ಇರಲಿಲ್ಲ. ಕೆಲವು ದಿನ ಪುಸ್ತಕದ ಪುಟದಲ್ಲಿ 'ಮಾತಾಡಲಿಲ್ಲ' ಎಂದಷ್ಟೇ ಇದೆ. ಯಾರ ಜೊತೆ ಎಂದು ಬರೆಯುವ ಅಗತ್ಯ ಕಂಡಿರಲಿಲ್ಲ.

ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಒಂದೂವರೆ ಪುಟ. ಬಾಲ್ಕನಿಯಲ್ಲಿ ಕೂತು ಓದಿದೆ. ಅರ್ಜಿದಾರರು ಹಂಚಿಕೆದಾರರೊಂದಿಗೆ ವಾಸವಿರಲಿಲ್ಲವೆಂದು ಸ್ವತಃ ಒಪ್ಪಿರುವುದರಿಂದ, ನಿರೀಕ್ಷಣಾ ಪಟ್ಟಿಯಲ್ಲಿ ಅರ್ಹ ಕುಟುಂಬಗಳು ಇರುವುದರಿಂದ, ವರ್ಗಾವಣೆಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಮೂವತ್ತು ದಿನಗಳೊಳಗೆ ಮನೆಯನ್ನು ಖಾಲಿ ಮಾಡಿ ಬೀಗದ ಕೈಯನ್ನು ಒಪ್ಪಿಸತಕ್ಕದ್ದು. ಓದುವಾಗ ನನಗೆ ಅಂಥ ಆಘಾತವಾಗಲಿಲ್ಲ. ಈ ಮನೆ ಇನ್ನು ಒಂದು ತಿಂಗಳು. ಆಮೇಲೆ ಎಲ್ಲಿ ಎಂಬುದಕ್ಕೆ ನನ್ನಲ್ಲಿ ಒಂದು ಊರಿನ ಹೆಸರೂ ಇರಲಿಲ್ಲ.

ಎರಡನೆಯ ಪುಟದಲ್ಲಿ, ತಿರಸ್ಕಾರಕ್ಕೆ ಕಾರಣ ವಿವರಿಸುವ ಭಾಗದಲ್ಲಿ, ಒಂದು ಸಾಲಿತ್ತು. ಹಂಚಿಕೆದಾರರ ಕೊನೆಯ ಏಳು ವರ್ಷಗಳಲ್ಲಿ ಅವರೊಂದಿಗೆ ಸದರಿ ಮನೆಯಲ್ಲಿ ವಾಸವಿದ್ದು ಆರೈಕೆ ಮಾಡಿದವರು ಅರ್ಜಿದಾರರಲ್ಲ, ಇಂತಹವರೆಂದು ದೃಢಪಟ್ಟಿದೆ. ಅವಳ ಹೆಸರು, ತಂದೆಯ ಹೆಸರು, ಊರು, ಹೋಬಳಿ ಎಲ್ಲವೂ ಇತ್ತು.

ಎರಡೂ ಪುಟಗಳ ಫೋಟೋ ತೆಗೆದು ಅವಳ ವಾಟ್ಸಾಪಿಗೆ ಕಳಿಸಿದೆ. ಏನೂ ಬರೆಯಲಿಲ್ಲ. ಮಧ್ಯಾಹ್ನದವರೆಗೂ ಉತ್ತರವಿರಲಿಲ್ಲ. ನಾನು ಪುಸ್ತಕಗಳನ್ನು ಟ್ರಂಕಿಗೆ ಜೋಡಿಸುತ್ತಿದ್ದಾಗ ಒಂದು ಧ್ವನಿ ಸಂದೇಶ ಬಂತು.

"ಓದ್ದೆ ಅಕ್ಕ. ಎರಡ್ಸಲ ಓದ್ದೆ. ಆಮೇಲೆ ನಮ್ಮತ್ತಿಗೆ ಕೈಗೆ ಫೋನ್ ಕೊಟ್ಟು ಜೋರಾಗ್ ಓದೇ ಅಂದೆ. ಓದುದ್ಲು. ನಮ್ಮಪ್ಪನ್ ಹೆಸ್ರೂ ಹಾಕವ್ರೆ." ಹಿಂದೆ ಯಾರೋ ಏನೋ ಕೇಳಿದರು, ಅವಳು 'ತಡಿ' ಎಂದಳು. ಆಮೇಲೆ ಧ್ವನಿ ಇಳಿಯಿತು. "ಮೇಲಿಂದೂ ಓದ್ದೆ ಅಕ್ಕ. ಮೂವತ್ ದಿನ ಅಂದವ್ರೆ. ನೀವೆಲ್ಲಿಗೆ ಹೋಗ್ತೀರಾ?"

ಮೂರು ಸಲ ಬರೆದು ಅಳಿಸಿದೆ. ಕೊನೆಗೆ, ಮಾಗಡಿಯಲ್ಲಿ ಒಂದು ಕೋಣೆ ನೋಡಿದ್ದೇನೆ, ನೀನು ಯೋಚಿಸಬೇಡ ಎಂದು ಕಳಿಸಿದೆ. ನೋಡಿರಲಿಲ್ಲ. ಮಾಗಡಿ ಎಂದು ಯಾಕೆ ಬರೆದೆನೋ, ಕುದೂರಿನ ಬಸ್ಸು ಅಲ್ಲಿಂದ ಸಿಗುತ್ತದೆ ಎಂಬುದು ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಮಾರನೆಯ ಬೆಳಿಗ್ಗೆ ಎದ್ದು, ಮನೆಗೆ ಬೀಗ ಹಾಕಿ, ಕೋಣೆ ಹುಡುಕಲು ಮಾಗಡಿಗೆ ಹೊರಟೆ.